ಅಮ್ಮ ಉಗ್ರಾಣದಲ್ಲಿದ್ದಳು

ಮಗಳ ಮದುವೆಯ ವಿಡಿಯೋ ಕ್ಯಾಸೆಟ್ಟು ನಮ್ಮ ಮನೆಯ ಅಟ್ಟದ ಮೇಲೆ ಎಷ್ಟೋ ವರ್ಷ ಧೂಳು ಹಿಡಿದು ಬಿದ್ದಿತ್ತು. 1998ರ ಮದುವೆ. ಆಗ ಮೂರು ಗಂಟೆಯ ಕ್ಯಾಸೆಟ್ಟು ಮಾಡಿಸುವುದೇ ಒಂದು ಪ್ರತಿಷ್ಠೆ. ಮಾಡಿಸಿ, ನೆಂಟರನ್ನೆಲ್ಲ ಕೂರಿಸಿ ಒಮ್ಮೆ ತೋರಿಸಿ, ಎತ್ತಿಟ್ಟರೆ ಮುಗಿಯಿತು.

2009ರಲ್ಲಿ ಅಮ್ಮ ತೀರಿಕೊಂಡಳು. ವರ್ಷದ ಕಾರ್ಯದ ಹೊತ್ತಿಗೆ ಗೋಡೆಗೆ ಹಾಕಲು ಅವಳದೊಂದು ಫೋಟೋ ಬೇಕೆಂದು ಹುಡುಕಿದರೆ ಮತದಾರರ ಗುರುತಿನ ಚೀಟಿಯ ಫೋಟೋ ಬಿಟ್ಟು ಇನ್ನೊಂದಿಲ್ಲ. ಅದರಲ್ಲೋ ಅಮ್ಮ ಯಾವುದೋ ಅಪರಾಧ ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ. "ಅಕ್ಕನ ಮದುವೆ ಕ್ಯಾಸೆಟ್ಟಿನಲ್ಲಿ ಅಜ್ಜಿ ಇರಲೇಬೇಕಲ್ಲಮ್ಮ" ಎಂದು ಮಗ ಅದನ್ನು ಸಿ.ಡಿ.ಗೆ ಹಾಕಿಸಿಕೊಂಡು ಬಂದ. ಕೂತು ನೋಡಿದೆವು. ನಾದಸ್ವರದವರ ಕೆನ್ನೆ ಉಬ್ಬುವುದನ್ನು ಎರಡು ನಿಮಿಷ ಹಿಡಿದಿದ್ದಾನೆ ವಿಡಿಯೋದವನು. ಊಟದ ಪಂಕ್ತಿಯಲ್ಲಿ ಯಾರ ಎಲೆಗೆ ಹೋಳಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಬಹುದು. ಬೀಗರ ಕಡೆಯ ಯಾರದೋ ಮಗು ಚಪ್ಪರದ ಕಂಬ ಹಿಡಿದು ಅಳುವುದೂ ಇದೆ. ಅಮ್ಮ ಇಲ್ಲ. ಮೂರು ಗಂಟೆಯಲ್ಲಿ ಎಲ್ಲೂ ಇಲ್ಲ.

ಕೊನೆಗೆ ಮಗನೇ ಕಂಡುಹಿಡಿದ. ತಾಂಬೂಲ ಕೊಡುವ ಹೊತ್ತು. ಉಗ್ರಾಣದ ಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಒಂದು ಕೈ ತೆಂಗಿನಕಾಯಿ ಚೀಲವನ್ನು ಹೊರಗೆ ದೂಡುತ್ತದೆ. ಬಳೆಯಿಲ್ಲದ ಕೈ, ಮೊಣಕೈವರೆಗೆ. "ಅಜ್ಜಿ ಕೈಯಲ್ವಾ ಇದು?" ಎಂದ. ಅಲ್ಲಿಗೇ ನಿಲ್ಲಿಸಿದ. ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಎದ್ದು ಹೋದೆ.

ಏಕೆಂದರೆ, ಆರತಿಗೆ ಯಾರು ಯಾರು ಎಂದು ಪಟ್ಟಿ ಬರೆದವಳು ನಾನು. ಹಸೆಗೆ ಕರೆಯಲು ಐದು ಜನ ಮುತ್ತೈದೆಯರು. ನನ್ನ ಅತ್ತಿಗೆ, ಓರಗಿತ್ತಿ, ಚಿಕ್ಕಮ್ಮ, ಪಕ್ಕದ ಮನೆಯವರು, ಬೀಗಿತ್ತಿಯ ಅಕ್ಕ. ನಾನು ಸ್ಕೂಲಿಗೆ ಹೋಗುವಾಗ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎರೆದು, ಉಣಿಸಿ, ಮಗ್ಗಿ ಕಲಿಸಿದವಳು ಅಮ್ಮ. ಅವಳ ಹೆಸರು ಬರೆದು ಹೊಡೆದುಹಾಕಿದೆ ಎಂದರೂ ಒಂದು ಮಾತು. ಹೊಡೆದುಹಾಕುವ ಮುಂಚೆ ಯೋಚಿಸಿದ್ದೇನೆ ಎಂದಾಗುತ್ತಿತ್ತು. ಹಾಗೂ ಆಗಲಿಲ್ಲ. ಲೇಖನಿಗೆ ಆ ಹೆಸರು ಬರಲೇ ಇಲ್ಲ. ಅತ್ತೆಯವರಾಗಲಿ, ಬೀಗರಾಗಲಿ, ಪುರೋಹಿತರಾಗಲಿ ಬೇಡ ಎನ್ನಲಿಲ್ಲ. ಹೇಳಿಸಿಕೊಳ್ಳುವ ಅಗತ್ಯವೇ ನನಗಿರಲಿಲ್ಲ.

ಆಗ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. 1829ರ ಸತಿ ನಿಷೇಧ, ರಾಜಾರಾಮ ಮೋಹನರಾಯರು, ಈಶ್ವರಚಂದ್ರ ವಿದ್ಯಾಸಾಗರರು, 1856ರ ವಿಧವಾ ಪುನರ್ವಿವಾಹ ಕಾಯಿದೆ... ಕಪ್ಪು ಹಲಗೆಯ ಮೇಲೆ ವರ್ಷಕ್ಕೆರಡು ಸಲ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ಇಸವಿ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಅಮ್ಮ ಹಿಂದಿನ ದಿನವೇ ಬಂದು, "ಉಗ್ರಾಣ ನಾನು ನೋಡ್ಕೋತೀನಿ ಕಣೇ, ಬೀಗದ ಕೈ ನನಗೆ ಕೊಟ್ಬಿಡು" ಎಂದಳು. ನನಗೆ ಎಷ್ಟು ನಿರಾಳವಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಕಡೆಯ ಮದುವೆಗಳನ್ನು ನೆನೆಸಿಕೊಳ್ಳಿ. ಉಗ್ರಾಣದಲ್ಲಿ ಯಾರಿರುತ್ತಿದ್ದರು? ಗಂಡ ಸತ್ತ ಅಕ್ಕ, ಅತ್ತೆ, ಚಿಕ್ಕಮ್ಮ. ತುಪ್ಪ, ಸಕ್ಕರೆ, ಬೆಳ್ಳಿ ತಟ್ಟೆ, ಸೀರೆ ಗಂಟು, ಎಲ್ಲ ಅವರ ಕೈಯಲ್ಲಿ. ಅವರಷ್ಟು ನಂಬಿಕಸ್ಥರು ಇನ್ನೊಬ್ಬರಿಲ್ಲ. ಆದರೆ ಅವರು ಕಣ್ಣಿಗೆ ಬೀಳಬಾರದು.

ಇದನ್ನು ಯೋಚಿಸುವಾಗೆಲ್ಲ ನನಗೆ ದೊಡ್ಡಜ್ಜಿಯ ನೆನಪಾಗುತ್ತದೆ. ಅಪ್ಪನ ಸೋದರತ್ತೆ. ಅರಸೀಕೆರೆಯ ನಮ್ಮ ಮನೆಯಲ್ಲಿ, ನಾನು ಮಿಡ್ಲ್ ಸ್ಕೂಲು ಮುಗಿಸುವವರೆಗೂ ಇದ್ದರು. ಹನ್ನೊಂದು ವರ್ಷಕ್ಕೆ ಗಂಡ ಹೋಗಿದ್ದನಂತೆ. ಮುಖ ನೆನಪಿಲ್ಲ ಎನ್ನುತ್ತಿದ್ದರು. ಕೆಂಪು ಸೀರೆ, ಬೋಳು ತಲೆಯ ಮೇಲೆ ಎಳೆದ ಸೆರಗು, ತಿಂಗಳಿಗೊಮ್ಮೆ ಹಿತ್ತಲ ಬಾಗಿಲಿಗೆ ಬರುವ ಕ್ಷೌರಿಕ. ಆ ದಿನ ಮಕ್ಕಳಾದ ನಮ್ಮನ್ನೆಲ್ಲ ಬೀದಿ ಕಡೆಗೆ ಅಟ್ಟಿಬಿಡುತ್ತಿದ್ದರು.

ದೊಡ್ಡಜ್ಜಿ ಮಡಿಯಲ್ಲಿ ಬೇಯಿಸಿದ ಅನ್ನವೇ ದೇವರಿಗೆ ನೈವೇದ್ಯ. ಅಮ್ಮ ಬೇಯಿಸಿದ್ದು ಅಷ್ಟು ಶ್ರೇಷ್ಠವಲ್ಲ. ಶ್ರಾದ್ಧದ ಅಡಿಗೆ ಅವರದೇ. ಹತ್ತಿ ಹೊಸೆದು ಹೂಬತ್ತಿ, ಗೆಜ್ಜೆವಸ್ತ್ರ ಮಾಡುತ್ತಿದ್ದವರೂ ಅವರೇ. ಒಂದೊಂದು ಗೆಜ್ಜೆಯೂ ಮಲ್ಲಿಗೆ ಮೊಗ್ಗಿನಂತೆ. ಅದಕ್ಕೆ ಕುಂಕುಮ ಹಚ್ಚುವಾಗ ಮಾತ್ರ "ಬಾರೇ, ನೀನು ಹಚ್ಚು" ಎಂದು ಅಮ್ಮನನ್ನು ಕರೆದು ತಾವು ಹಿಂದೆ ಸರಿಯುತ್ತಿದ್ದರು. ಅವರು ಹೊಸೆದ ಹತ್ತಿ ದೇವರ ಕೊರಳಿಗೆ ಹೋಗುತ್ತಿತ್ತು. ಆದರೆ ಅಪ್ಪ ಬೆಳಿಗ್ಗೆ ರೈಲ್ವೆ ಆಫೀಸಿಗೆ ಹೊರಡುವ ಹೊತ್ತಿಗೆ ಅವರು ನಡುಮನೆ ದಾಟುವಂತಿರಲಿಲ್ಲ. ಎದುರಿಗೆ ಬಂದರೆ ಅಪಶಕುನ. ಅಪ್ಪ ಹಾಗೆ ನಂಬುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ದೊಡ್ಡಜ್ಜಿ ನಂಬುತ್ತಿದ್ದರು. ಚಪ್ಪಲಿಯ ಸದ್ದು ಕೇಳಿದ ಕೂಡಲೇ ತಾವೇ ಕಂಬದ ಮರೆಗೆ ನಿಲ್ಲುತ್ತಿದ್ದರು.

ಹಾಗಾದರೆ ಅವರನ್ನು ಬೇಡ ಎಂದವರು ಯಾರು? ದೇವರಂತೂ ಅಲ್ಲ. ಅವನು ದಿನವೂ ಅವರ ಕೈಯಡಿಗೆಯನ್ನೇ ಉಣ್ಣುತ್ತಿದ್ದ. ಬೇಡ ಎಂದದ್ದು ಬೀದಿ. ಆಮೇಲೆ ಬೀದಿಯ ಕಣ್ಣೇ ಅವರ ಕಣ್ಣೂ ಆಯಿತು. ಮನೆಯಲ್ಲಿ ಮಡಿಯ ವಿಷಯಕ್ಕೆ ಅವರಷ್ಟು ಕಟುವಾಗಿದ್ದವರು ಇನ್ನೊಬ್ಬರಿಲ್ಲ. ಸ್ಕೂಲಿನಿಂದ ಬಂದ ನಾನು ಮರೆತು ಅವರ ಸೀರೆ ಮುಟ್ಟಿದರೆ ಚಳಿಗಾಲದಲ್ಲೂ ಮತ್ತೆ ತಣ್ಣೀರು ಸ್ನಾನ. "ಮುಂಡೇದೇ, ನಿನಗೇನು ಗೊತ್ತು, ನಾನು ಪಡಕೊಂಡು ಬಂದದ್ದನ್ನ ಈ ಜನ್ಮದಲ್ಲೇ ಕಳಕೋಬೇಕು" ಎನ್ನುತ್ತಿದ್ದರು. ಹನ್ನೊಂದು ವರ್ಷದ ಹುಡುಗಿ ಯಾವ ಜನ್ಮದಲ್ಲಿ ಏನು ಮಾಡಿದ್ದಾಳು? ಕೇಳುವ ಧೈರ್ಯ ಆಗ ಇರಲಿಲ್ಲ. ಈಗ ಅನ್ನಿಸುತ್ತದೆ, ಆ ಪೂರ್ವಜನ್ಮದ ಲೆಕ್ಕ ಅವರಿಗೆ ಬೇಕೂ ಆಗಿತ್ತೇನೋ. ಇಷ್ಟು ವರ್ಷ ಸುಮ್ಮನೆ, ಏನೂ ಕಾರಣವಿಲ್ಲದೆ ಅನುಭವಿಸಿದೆ ಎಂದುಕೊಳ್ಳುವುದು ಇನ್ನೂ ಕಷ್ಟ.

ಲೆಕ್ಕ ಹಾಕಿ ನೋಡಿದರೆ ದೊಡ್ಡಜ್ಜಿಯ ತಲೆ ಬೋಳಿಸಿದ್ದು 1901ರ ಸುಮಾರಿಗೆ. ಪುನರ್ವಿವಾಹದ ಕಾನೂನಾಗಿ ನಲವತ್ತೈದು ವರ್ಷವಾಗಿತ್ತು. ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರು ವಿಧವೆಯೊಬ್ಬಳು ಮತ್ತೆ ಮದುವೆಯಾಗುವ 'ಇಂದಿರಾಬಾಯಿ' ಕಾದಂಬರಿ ಬರೆದು, ಅದು 1899ರಲ್ಲಿ ಅಚ್ಚೂ ಆಗಿತ್ತು. ನಂಜನಗೂಡಿನಲ್ಲಿ, ಹೆಚ್ಚು ಕಡಿಮೆ ದೊಡ್ಡಜ್ಜಿಯ ವಯಸ್ಸಿನವರೇ ಆದ ಇನ್ನೊಬ್ಬ ಹುಡುಗಿ ಅದೇ ಕಾಲದಲ್ಲಿ ಗಂಡನನ್ನು ಕಳೆದುಕೊಂಡಿದ್ದರು. ಅವರೇ ತಿರುಮಲಾಂಬ. 1887ರಲ್ಲಿ ಹುಟ್ಟಿದವರು. ಅವರ ತಂದೆ ಓದಲು ಬಿಟ್ಟರು. ಅವರು ಬರೆದರು, 'ಸತಿಹಿತೈಷಿಣೀ' ಎಂಬ ಗ್ರಂಥಮಾಲೆ ನಡೆಸಿದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ಹೊರಡಿಸಿದರು, ತೊಂಬತ್ತು ದಾಟಿ ಬದುಕಿ 1982ರಲ್ಲಿ ತೀರಿಕೊಂಡರು. ಒಂದೇ ಮೈಸೂರು ಸೀಮೆ, ಒಂದೇ ಕಾಲ, ಒಂದೇ ಹಣೆಬರಹ ಅನ್ನಬೇಕಲ್ಲ? ಒಬ್ಬರ ಕೈಗೆ ಲೇಖನಿ, ಇನ್ನೊಬ್ಬರ ಕೈಗೆ ಹತ್ತಿ. ನಮ್ಮ ದೊಡ್ಡಜ್ಜಿಯ ಬೆರಳಿನ ನಯ ನೋಡಿದ ನನಗೆ, ಅವರ ಅಪ್ಪ ಒಂದು ಸ್ಲೇಟು ತಂದುಕೊಟ್ಟಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

1979ರಲ್ಲಿ ಅಪ್ಪ ಹೋದರು. ಅಮ್ಮನಿಗೆ ನಲವತ್ತೊಂಬತ್ತು. ಅಷ್ಟು ಹೊತ್ತಿಗೆ ಕೂದಲು ತೆಗೆಸುವ ಮಾತನ್ನು ಯಾರೂ ಎತ್ತಲಿಲ್ಲ. "ಅದೆಲ್ಲ ಈಗ ಯಾರು ಮಾಡ್ತಾರೆ, ಕಾಲ ಬದಲಾಯ್ತು" ಎಂದರು ಹಿರಿಯರು. ದೊಡ್ಡಜ್ಜಿಯ ವಿಷಯದಲ್ಲಿ ಅದು ಅನಾದಿಯಿಂದ ಬಂದ ಧರ್ಮ ಎಂದಿದ್ದವರೂ ಅವರಲ್ಲಿದ್ದರು. ಆದರೆ ಕುಂಕುಮ, ಹೂವು, ಬಳೆ, ಕಾಲುಂಗುರ, ತಾಳಿ ಇವು ಮಾತ್ರ ಅನಾದಿಯಿಂದ ಬಂದ ಧರ್ಮ. ಇವನ್ನು ಬಿಡುವ ಹಾಗಿಲ್ಲ. ಹತ್ತನೆಯ ದಿನ ನಾನು ಆ ಕೋಣೆಯೊಳಗೆ ಹೋಗಲಿಲ್ಲ. ಮುತ್ತೈದೆ ನೋಡಬಾರದು ಎಂದರು, ನಾನೂ ಸರಿ ಎಂದೆ. ಇದೂ ನನ್ನ ಲೆಕ್ಕಕ್ಕೇ ಸೇರಬೇಕು.

ಧಾರವಾಡದ ಕಡೆ ನಮ್ಮ ನೆಂಟರೊಬ್ಬರಿದ್ದರು, ಹಿರಿಯರು. ಅಮ್ಮನಿಗೆ ಕಾರ್ಡು ಬರೆಯುವಾಗ ಹೆಸರಿನ ಮುಂದೆ 'ಸೌ.' ಎಂದು ಹಾಕುತ್ತಿದ್ದರು. ಅಪ್ಪ ಹೋದ ಮೇಲೆ ಬಂದ ಮೊದಲ ಕಾರ್ಡಿನಲ್ಲಿ 'ಗಂ. ಭಾ.' ಎಂದಿತ್ತು. ಗಂಗಾಭಾಗೀರಥಿ ಸಮಾನರಾದ ಎಂದು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿ, "ಅಂತೂ ಗಂಗೆ ಆದೆ ನೋಡೇ, ಸ್ನಾನದ ಖರ್ಚು ಉಳೀತು" ಎಂದು ನಕ್ಕಳು. ಆಮೇಲೆ ಆ ಕಾರ್ಡನ್ನು ಕಡ್ಡಿಗೆ ಚುಚ್ಚದೆ ಒಲೆಗೆ ಹಾಕಿದಳು. ಹೆಸರು ಅದೇ, ವಿಳಾಸ ಅದೇ. ಮುಂದಿನ ಎರಡಕ್ಷರ ಬದಲಾಯಿತು, ಅಷ್ಟೇ. ಅಷ್ಟರಲ್ಲೇ ಅವಳು ಬೇರೆ ಯಾರೋ ಆಗಿಹೋದಳು.

ಆಗ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಹೊತ್ತು. ಮೂವತ್ತು ವರ್ಷ ಐದು ಗಂಟೆಗೆದ್ದು ಬಾಗಿಲು ಸಾರಿಸಿ, ರಂಗೋಲಿಯಿಟ್ಟು, ಹೊಸಿಲಿಗೆ ಅರಿಸಿನ ಕುಂಕುಮ ಏರಿಸಿ, ತುಳಸಿಗೆ ನೀರೆರೆದು ತನ್ನ ಹಣೆಗಿಟ್ಟುಕೊಂಡವಳು. ಇವೆಲ್ಲ ನಮ್ಮ ಅತ್ತಿಗೆಯ ಪಾಲಾದವು. ಅಮ್ಮ ಐದಕ್ಕೇ ಎದ್ದು ಹಿತ್ತಲ ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಗಂಡನಿಲ್ಲದ ದುಃಖ ಒಂದಾದರೆ, ಬೆಳಗಾದರೆ ಮಾಡಲು ಏನೂ ಇಲ್ಲದ್ದು ಇನ್ನೊಂದು. ಆರು ತಿಂಗಳ ಮೇಲೆ ಯಾರೋ ರಾಮಕೋಟಿ ಪುಸ್ತಕ ತಂದುಕೊಟ್ಟರು. ಪುಟ್ಟ ಪುಟ್ಟ ಚೌಕದಲ್ಲಿ ಶ್ರೀರಾಮ, ಶ್ರೀರಾಮ ಎಂದು ಬರೆಯತೊಡಗಿದಳು. ಪುಸ್ತಕದ ಮೇಲೆ ಪುಸ್ತಕ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಇರುವುದನ್ನೆಲ್ಲ ಕಿತ್ತುಕೊಂಡು, ಬರೆಯುತ್ತಾ ಕೂತಿರು ಎಂದು ಒಂದು ಪುಸ್ತಕ ಕೊಟ್ಟರಲ್ಲ ಎಂದು. ಆದರೆ ಅಮ್ಮ ಬರೆಯುವಾಗ ಅವಳ ಮುಖ ನೋಡಿದ್ದೇನೆ. ಅದು ನಟನೆಯಲ್ಲ. ಅಲ್ಲಿ ಅವಳಿಗೆ ಏನೋ ಸಿಕ್ಕಿತ್ತು.

ಸಮಾಜ ಕೊಟ್ಟ ನಂಬಿಕೆ ಎಂದ ಮಾತ್ರಕ್ಕೆ ಸುಳ್ಳು ನಂಬಿಕೆ ಎಂದು ತಳ್ಳಿಬಿಡುವುದು ಓದಿದವರ ಸುಲಭದ ದಾರಿ. ನಾನಾಡುವ ಕನ್ನಡವನ್ನೂ ನನಗೆ ಸಮಾಜವೇ ಕೊಟ್ಟದ್ದು. ಆದರೂ ನಾನು ಅಳುವುದು ಆ ಭಾಷೆಯಲ್ಲೇ, ಆ ಅಳು ನನ್ನದೇ. ಅಮ್ಮನ ರಾಮನೂ ಹಾಗೆ. ನನ್ನ ತಕರಾರು ಅವನ ಜೊತೆ ಅಲ್ಲ. ಅವನ ಹೆಸರು ಹೇಳಿ ಅವಳನ್ನು ಉಗ್ರಾಣಕ್ಕೆ ಕಳಿಸಿದವರ ಜೊತೆ, ಎಂದರೆ ಮೊದಲು ನನ್ನ ಜೊತೆಗೇ.

ನಾವು ಬಹಳ ವರ್ಷದಿಂದ ತುಮಕೂರಿನಲ್ಲಿದ್ದೇವೆ. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು, ಗಂಡ ಸತ್ತ ಹೆಂಗಸಿಗೆ ದೇವರು ಏನೇನು ಹೇಳಿದ್ದಾನೆ ಎಂಬುದು ಮನೆಗೊಂದು ಥರ. ಎದುರು ಮನೆಯವರು ಲಿಂಗಾಯತರು. ಹನ್ನೆರಡನೆಯ ಶತಮಾನದಲ್ಲೇ ಶರಣರು ಜನನ ಸೂತಕ, ಮರಣ ಸೂತಕ ಎಲ್ಲವನ್ನೂ ಸೇರಿಸಿ ಐದು ಸೂತಕಗಳನ್ನು ಅಲ್ಲಗಳೆದವರು. ಆ ಮನೆಯ ಹಿರಿಯಾಕೆಗೆ ಕೊರಳ ಲಿಂಗ, ಹಣೆಯ ವಿಭೂತಿ ಎರಡೂ ಉಳಿದವು. ಅಷ್ಟರ ಮಟ್ಟಿಗೆ ಪುಣ್ಯ. ಕುಂಕುಮ, ಹಸಿರು ಬಳೆ ಮಾತ್ರ ಹೋದವು. ಯಾಕೆಂದು ಕೇಳಿದರೆ, "ಬಿಟ್ರೆ ಜನ ಏನಂತಾರೆ ಟೀಚರಮ್ಮ?" ಎಂದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಉರ್ದು ಟೀಚರ್ ಗಂಡನನ್ನು ಕಳೆದುಕೊಂಡಾಗ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕಾಲ ಕಳೆದರು. ಕುರಾನಿನಲ್ಲಿ ಹೇಳಿರುವುದು ಅಷ್ಟೇ, ಆಮೇಲೆ ಮತ್ತೆ ಮದುವೆಯಾಗಲೂ ಅಡ್ಡಿಯಿಲ್ಲ ಎಂದು ಅವರೇ ನನಗೆ ವಿವರಿಸಿದ್ದರು. "ಆದರೆ ನಮ್ಮ ಮೊಹಲ್ಲಾದಲ್ಲಿ ಬಳೆ ಒಡೆಯುವುದೂ ಇದೆ ಮೇಡಂ. ಅದು ಕಿತಾಬಿನಲ್ಲಿಲ್ಲ. ನಿಮ್ಮನ್ನು ನೋಡಿ ಕಲಿತದ್ದು" ಎಂದು ನಕ್ಕುಬಿಟ್ಟರು. ಒಳ್ಳೆಯದನ್ನು ಯಾರೂ ನಮ್ಮಿಂದ ಕಲಿತ ಹಾಗಿಲ್ಲ!

ಹೂವಿನವಳ ಕಥೆ ಇನ್ನೂ ಸ್ವಾರಸ್ಯ. ಮೂವತ್ತು ವರ್ಷದಿಂದ ನಮ್ಮ ಬಾಗಿಲಿಗೆ ಹೂವು ತರುತ್ತಿದ್ದವಳು. ಮೊದಲನೆಯ ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಅವಳಿಗೆ ಕೂಡಿಕೆ ಮಾಡಿದ್ದರು. ಸೀರೆ ಉಡಿಸಿ, ಹಿರಿಯರ ಮುಂದೆ ನಿಲ್ಲಿಸಿ, ಮುಗಿಯಿತು. ಎರಡನೆಯವನಿಗೆ ಇಬ್ಬರು ಮಕ್ಕಳನ್ನು ಹೆತ್ತಳು. ಅವಳು ಮುಡಿದ ಹೂವನ್ನು, ಇಟ್ಟ ಕುಂಕುಮವನ್ನು ಯಾರೂ ಪ್ರಶ್ನಿಸಲಿಲ್ಲ. "ಹಸಿದವಳಿಗೆ ಅನ್ನ ಇಕ್ಕಿದಂಗೆ ಅಲ್ವೇನಮ್ಮ ಅದು" ಎನ್ನುತ್ತಿದ್ದಳು. ಅವಳ ಮಗ ಓದಿದ, ಬ್ಯಾಂಕಿನಲ್ಲಿ ಕೆಲಸವಾಯಿತು, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಆಮೇಲೆ ಅವಳ ಮಗಳ ಗಂಡ ಕಾಯಿಲೆಯಿಂದ ಹೋದ. ಹುಡುಗಿಗೆ ಇನ್ನೂ ಇಪ್ಪತ್ತಾರು. ತಾಯಿ ಕೂಡಿಕೆಗೆ ಗಂಡು ನೋಡುತ್ತೇನೆಂದರೆ ಮಗ ಹಾರಾಡಿದನಂತೆ. "ನಮ್ಮಂಥ ಮರ್ಯಾದಸ್ಥರಲ್ಲಿ ಅದೆಲ್ಲ ಮಾಡೋದಿಲ್ಲ" ಎಂದನಂತೆ. ಅವನು ಹುಟ್ಟಿದ್ದೇ ಕೂಡಿಕೆಯಿಂದ! ಹೂವಿನ ಬುಟ್ಟಿ ಜಗುಲಿಯ ಮೇಲಿಟ್ಟು ಅವಳು ಅತ್ತದ್ದು ನನಗೆ ಮರೆತಿಲ್ಲ.

ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಹೆಸರು ಕೊಟ್ಟರು: ಸಂಸ್ಕೃತೀಕರಣ. ಮೇಲೇರಬೇಕೆನ್ನುವ ಜಾತಿ ಮೇಲಿನವರ ಆಚಾರಗಳನ್ನು ತೆಗೆದುಕೊಳ್ಳುತ್ತದೆ. ಮಾಂಸ, ಹೆಂಡ ಬಿಡುತ್ತದೆ. ಹೀಗೆ ಏರುವಾಗ ವಿಧವೆಗೆ ಇದ್ದ ಸ್ವಾತಂತ್ರ್ಯವೂ ಹೋಗುತ್ತದೆ. ಅದನ್ನು ಪಾಠಕ್ಕಾಗಿ ಎಷ್ಟು ಸಲ ಓದಿದ್ದೆನೋ. ನನ್ನ ಜಗುಲಿಯ ಮೇಲೆ ಹೂವಿನವಳು ಕೂತು ಅಳುವವರೆಗೂ ಅದರ ಅರ್ಥ ಇಷ್ಟು ಎಂದು ತಿಳಿದಿರಲಿಲ್ಲ. ಗಂಡಸಿನ ಮರ್ಯಾದೆ ಒಂದು ಮೆಟ್ಟಿಲು ಏರಬೇಕಾದರೆ ಮನೆಯ ಹುಡುಗಿ ಒಂದು ಮೆಟ್ಟಿಲು ಇಳಿಯಬೇಕು. ಹತ್ತು ವರ್ಷ ಕಳೆದರೆ ಅದೂ ಅನಾದಿಯಿಂದ ಬಂದದ್ದೇ ಆಗಿಬಿಡುತ್ತದೆ. ಆ ಹುಡುಗಿಯ ಮಕ್ಕಳು, ದೇವರು ಹಾಗೆ ಹೇಳಿದ್ದಾನೆ ಎಂದೇ ತಿಳಿಯುತ್ತಾರೆ.

ಇಷ್ಟೆಲ್ಲ ತಿಳಿದವಳು ನಾನು. 2016ರಲ್ಲಿ ನನ್ನ ಯಜಮಾನರು ಹೋದರು.

ಮಕ್ಕಳು ಮೊದಲೇ ಖಂಡಿತವಾಗಿ ಹೇಳಿಬಿಟ್ಟಿದ್ದರು, ಅಮ್ಮನಿಗೆ ಏನೂ ಮಾಡಕೂಡದು ಎಂದು. ಹತ್ತನೆಯ ದಿನ ಯಾರೂ ನನ್ನ ಮೈ ಮುಟ್ಟಲಿಲ್ಲ. ಪುರೋಹಿತರೂ ಹಳೆಯ ಪರಿಚಯದವರು, ಒತ್ತಾಯಿಸಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತೆ. ಕೋಣೆಯ ಬಾಗಿಲು ಹಾಕಿತ್ತು. ಕುಂಕುಮದ ಭರಣಿ ಎದುರಿಗೇ ಇತ್ತು. ನನ್ನ ಬೆರಳು ಭರಣಿಯವರೆಗೆ ಹೋಗಿ ನಿಂತಿತು. ಬೇಡ ಎನ್ನಲು ಅಲ್ಲಿ ಯಾರಿದ್ದರು? ದೊಡ್ಡಜ್ಜಿ ಹೋಗಿ ಐವತ್ತು ವರ್ಷ ಹತ್ತಿರವಾಗಿತ್ತು. ಆದರೂ ಅವರು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಭರಣಿಯ ಮುಚ್ಚಳ ಹಾಕಿ, ಮಗಳ ಡಬ್ಬಿಯಿಂದ ಒಂದು ಸಣ್ಣ ಕಪ್ಪು ಸ್ಟಿಕ್ಕರ್ ತೆಗೆದು ಅಂಟಿಸಿಕೊಂಡು ಹೊರಗೆ ಬಂದೆ. ನಡುದಾರಿ. ನಮ್ಮ ತಲೆಮಾರಿನ ಹೆಂಗಸರೆಲ್ಲ ಈ ನಡುದಾರಿಯಲ್ಲೇ ಬದುಕಿದ್ದು ಎಂದು ಕಾಣುತ್ತದೆ.

ತಿಂಗಳಾದ ಮೇಲೆ ಹೂವಿನವಳು ಬಂದಳು. ಅಭ್ಯಾಸಬಲದಿಂದ ಮೊಳ ಹಾಕಲು ಶುರು ಮಾಡಿ, ನನ್ನ ಮುಖ ನೋಡಿ ಕೈ ನಿಲ್ಲಿಸಿದಳು. ಇಬ್ಬರಿಗೂ ಮಾತಿಲ್ಲ. ಕೊನೆಗೆ ಅವಳೇ, "ದೇವರಿಗೆ ಅಂತ ತಗೊಳ್ಳಿ ಅಮ್ಮಾ. ದೇವರು ಮುಡಿದು ಮಿಕ್ಕಿದ್ದನ್ನ ಏನ್ ಮಾಡ್ತೀರೋ ನಾನೇನು ಕೇಳೋಕೆ ಬರ್ತೀನಾ?" ಎಂದಳು. ಎರಡು ಮೊಳ ತೆಗೆದುಕೊಂಡೆ. ಒಂದು ಮೊಳ ದೇವರಿಗೆ. ಇನ್ನೊಂದು ಮೊಳ ಅಡಿಗೆ ಮನೆಯಲ್ಲಿ ತಟ್ಟೆಯ ಮೇಲೆಯೇ ಬಾಡಿತು. ಮುಡಿಯಲು ನನಗೆ ಒಂದು ವರ್ಷ ಹಿಡಿಯಿತು.

ಒಂದು ದಿನ ಆ ಪುರೋಹಿತರನ್ನೇ ಕೇಳಿದೆ. ಗಂಡ ಹೋದವಳು ಮಗುವಿಗೆ ಆರತಿ ಎತ್ತಬಾರದು ಎಂದು ಎಲ್ಲಿ ಹೇಳಿದೆ ಎಂದು. ಅವರು ಎಲೆಯಡಿಕೆ ಮೆಲ್ಲುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲೂ ಓದಿದ ನೆನಪಿಲ್ಲ ತಾಯಿ. ಆದರೆ ಶಾಸ್ತ್ರಕ್ಕಿಂತ ರೂಢಿ ಬಲ. ನಾವು ಹೊಟ್ಟೆಪಾಡಿನವರು, ರೂಢಿ ಎದುರು ಹಾಕಿಕೊಂಡರೆ ನಾಳೆ ಯಾರು ಕರೀತಾರೆ?" ಎಂದರು. ಇಷ್ಟು ನಿಜ ನುಡಿದವರ ಮೇಲೆ ಸಿಟ್ಟು ಮಾಡುವುದು ಹೇಗೆ?

ರೂಢಿ ಬಲ ಹೌದು, ಆದರೆ ಅಲುಗದ ಬಂಡೆಯೇನೂ ಅಲ್ಲ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದರು. ಅವರು ಎತ್ತಿದ ಮಂಗಳಾರತಿಗೆ ಗಂಡಸರೂ ಮುತ್ತೈದೆಯರೂ ಕೈಮುಗಿದರು. 2022ರ ಮೇ ತಿಂಗಳಲ್ಲಿ ನಮ್ಮ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹೆರವಾಡ ಎಂಬ ಊರಿನ ಗ್ರಾಮ ಪಂಚಾಯಿತಿ, ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ, ಕಾಲುಂಗುರ ತೆಗೆಯುವುದು ಇನ್ನು ಬೇಡ ಎಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಈ ದಾರಿ ಹಿಡಿಯಲಿ ಎಂದು ಸುತ್ತೋಲೆ ಕಳಿಸಿತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಊರು ಕೂಡಿ ಕಿತ್ತುಕೊಂಡದ್ದನ್ನು ಊರು ಕೂಡಿಯೇ ಹಿಂದಕ್ಕೆ ಕೊಡಬೇಕು. ಒಬ್ಬಳೇ ಕನ್ನಡಿಯ ಮುಂದೆ ನಿಂತು ಪಡೆಯಲು ಹೋದರೆ ಕೈ ನಡುಗುತ್ತದೆ. ಇದು ನಾನು ಅನುಭವದಿಂದ ಹೇಳುವ ಮಾತು.

ಕೈ ನಡುಗಿದ್ದನ್ನೂ ಹೇಳಿಬಿಡುತ್ತೇನೆ. ಮಗನಿಗೆ ಮಗು ಹುಟ್ಟಿದ್ದು 2018ರಲ್ಲಿ. ನಾಮಕರಣದ ದಿನ ಆರತಿಯ ಹೊತ್ತಿಗೆ ಸೊಸೆ ತಟ್ಟೆ ತಂದು ಎಲ್ಲರ ಎದುರಿಗೆ ನನ್ನ ಕೈಗೇ ಕೊಟ್ಟಳು. "ಮೊದಲು ನೀವು ಎತ್ತಿ ಅತ್ತೆ." ಬೀಗಿತ್ತಿ ನೆಲ ನೋಡಿದರು. ಯಾರೋ ಹಿಂದಿನಿಂದ ಗಂಟಲು ಸರಿ ಮಾಡಿಕೊಂಡರು. ಪುರೋಹಿತರು ಪಂಚಾಂಗದ ಪುಟ ತಿರುಗಿಸಿದರು. ನಾನು ಎತ್ತಿದೆ. ಆರತಿಯ ನೀರು ತುಳುಕಿ ನನ್ನ ಸೀರೆಯ ಮೇಲೆ ಬಿತ್ತು, ಆ ಕೆಂಪು ಕಲೆ ಈಗಲೂ ಪೂರ್ತಿ ಹೋಗಿಲ್ಲ. ಆ ದಿನ ರಾತ್ರಿ ಎಷ್ಟು ವರ್ಷದ ಮೇಲೆ ನೆಮ್ಮದಿಯಾಗಿ ಮಲಗಿದೆ!

ಮೂರನೆಯ ದಿನ ಮಗುವಿಗೆ ಜ್ವರ ಬಂತು. ಹಾಲು ಕುಡಿಯಲಿಲ್ಲ. ಸೊಸೆ, ಮಗ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಮನೆಯಲ್ಲಿ ನಾನೊಬ್ಬಳೇ. ವಿದ್ಯಾಸಾಗರರ ಇಸವಿ ತಪ್ಪಿದರೆ ಅಂಕ ಕಳೆಯುತ್ತಿದ್ದ ನಾನು ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿ, ತಪ್ಪಾಯಿತು, ಇನ್ನೊಮ್ಮೆ ಎತ್ತುವುದಿಲ್ಲ, ಮಗುವಿನ ಮೇಲೆ ಹಾಕಬೇಡ ಎಂದು ಅಡ್ಡಬಿದ್ದೆ. ತಲೆಯಲ್ಲಿ ಓದಿದ್ದು ಓದಿದ ಹಾಗೇ ಇತ್ತು. ಹೊಟ್ಟೆಯೊಳಗಿನ ಭಯ ಅದರ ಪಾಡಿಗೆ ಅದು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡು, ಏನೋ ಸೋಂಕು ಎಂದು ಔಷಧಿ ಕೊಟ್ಟು ಕಳಿಸಿದರು. ನಾಮಕರಣಕ್ಕೆ ಬಂದ ಇನ್ನೂ ಎರಡು ಮಕ್ಕಳಿಗೆ ಜ್ವರ ಬಂದಿತ್ತೆಂದು ಆಮೇಲೆ ತಿಳಿಯಿತು. ಅವಕ್ಕೆ ನಾನೇನೂ ಆರತಿ ಎತ್ತಿರಲಿಲ್ಲ.

ದೀಪ ಹಚ್ಚಿದ್ದನ್ನು ಸೊಸೆಗೆ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ. ಬರೆದದ್ದು ಇದೇ ಮೊದಲು. ಅಮ್ಮ ಬೀಗದ ಕೈ ಕೇಳಿ ಪಡೆದದ್ದು ಬರೀ ತಗ್ಗಿ ನಡೆಯುವ ಸ್ವಭಾವದಿಂದ ಎಂದುಕೊಂಡಿದ್ದೆ. ಮೊಮ್ಮಗಳ ಮೇಲಿನ ಆಸೆಯಿಂದ, ತನ್ನಿಂದ ಅವಳಿಗೇನಾದರೂ ಆದೀತೆಂಬ ಹೆದರಿಕೆಯಿಂದ ಅವಳು ತಾನಾಗಿ ಮರೆಯಾದಳು ಎಂದು ಆ ಎರಡು ರಾತ್ರಿಯಲ್ಲಿ ಗೊತ್ತಾಯಿತು. ನಮ್ಮನ್ನು ಕಟ್ಟಿಹಾಕಲು ಹಗ್ಗ ಬೇಕಿಲ್ಲ. ನಾವು ಮಕ್ಕಳ ಮೇಲೆ ಇಟ್ಟ ಪ್ರೀತಿಯೇ ಸಾಕು.

ಈಗ ಮಗಳ ಮಗಳಿಗೆ ಮದುವೆ ಗೊತ್ತಾಗಿದೆ. ಕ್ಯಾಸೆಟ್ಟಿನಲ್ಲಿ ಹಸೆಯ ಮೇಲೆ ಕೂತಿದ್ದಾಳಲ್ಲ, ಅದೇ ಮಗಳು ಮೊನ್ನೆ ಫೋನು ಮಾಡಿದ್ದಳು. ಆರತಿಗೆ ಯಾರು ಯಾರು ಎಂದು ಪಟ್ಟಿ ಬರೆಯುತ್ತಿದ್ದೇನೆ, ಮೊದಲ ಹೆಸರು ನಿನ್ನದೇ, ಬೇಡ ಅನ್ನಬೇಡ ಎಂದಳು. ನಾನು ಬೇಡ ಎನ್ನಲಿಲ್ಲ. ಆದರೆ ಬಾಯಿಂದ ಹೊರಟದ್ದು ಬೇರೆಯೇ ಮಾತು.

"ಹಾಗಾದ್ರೆ ಉಗ್ರಾಣಕ್ಕೆ ಯಾರನ್ನ ಕೂರಿಸ್ತೀಯೇ?"

ಅವಳು ನಕ್ಕಳು. "ಈಗೆಲ್ಲಮ್ಮ ಉಗ್ರಾಣ? ಎಲ್ಲ ಕಂಟ್ರಾಕ್ಟು. ಕಾಯಿ ಎಣಿಸೋದೂ ಅವರೇ, ಬಡಿಸೋದೂ ಅವರೇ. ನೀನು ಒಂದು ಒಳ್ಳೆ ಸೀರೆ ಉಟ್ಕೊಂಡು ಹಿಂದಿನ ದಿನವೇ ಬಂದುಬಿಡು."